ಒಂದು ಮಗುವಿಗೆ ಒಂದು ಮರ, ವರ್ಷವಿಡೀ ಅದೇ ಮರ: ನನ್ನ ಅನುಭವ

ಪ್ರತಿ ಮಗು ವರ್ಷವಿಡೀ ಒಂದೇ ಮರವನ್ನು ಗಮನಿಸಿ ಬರೆದುಕೊಳ್ಳುವ ಈ ಕಾರ್ಯಕ್ರಮವನ್ನು ನಾನು ಮುಂದಿಟ್ಟಾಗ ಬಡಾವಣೆಯ ಸಂಘದಲ್ಲಿ ಒಬ್ಬರೂ ಒಪ್ಪಲಿಲ್ಲ. ಎರಡು ವಾರಕ್ಕೇ ಮಕ್ಕಳಿಗೆ ಬೇಜಾರು ಬರುತ್ತದೆ, ವರದಿಗೆ ಹಾಕಲು ಒಂದು ಒಳ್ಳೆ ಫೋಟೊ ಕೂಡ ಸಿಗುವುದಿಲ್ಲ ಎಂದರು. ಈಗ ಮೂರನೇ ತಂಡ ನಡೆಯುತ್ತಿದೆ. ಮೊದಲ ತಂಡಕ್ಕೆ ಸೇರಿದ್ದ ಸುಮಾರು 40 ಮಕ್ಕಳಲ್ಲಿ 30ರಷ್ಟು ಮಂದಿ ಕೊನೆಯವರೆಗೂ ಬಂದರು. ಇಷ್ಟು ಮಕ್ಕಳನ್ನು ವರ್ಷವಿಡೀ ಹಿಡಿದಿಟ್ಟ ಬೇರೆ ಕಾರ್ಯಕ್ರಮವನ್ನು ನಾನಂತೂ ಕಂಡಿಲ್ಲ.

ಅದಕ್ಕೂ ಮುಂಚೆ ಎಲ್ಲರೂ ಮಾಡುವುದನ್ನೇ ಮಾಡಿದ್ದೆವು. ಕಾಡಿಗೆ ಪ್ರವಾಸ ಹೋದರೆ ಕೂಡಿಸಿದ ಹಣದ ಮುಕ್ಕಾಲು ಪಾಲು ಬಸ್ಸಿಗೇ ಹೋಗುತ್ತಿತ್ತು. ಮಕ್ಕಳು ದೊಡ್ಡ ಪ್ರಾಣಿ ಕಾಣಲಿಲ್ಲವೆಂದು ಸಪ್ಪೆ ಮುಖ ಮಾಡಿಕೊಂಡು ಮರಳುತ್ತಿದ್ದರು. ಗಿಡ ನೆಡುವ ದಿನ ಅತಿಥಿಗಳು ಬರುತ್ತಿದ್ದರು, ಬೇಸಿಗೆಯಲ್ಲಿ ನೀರು ಹಾಕಲು ಯಾರೂ ಇರುತ್ತಿರಲಿಲ್ಲ. ಹತ್ತರಲ್ಲಿ ಎರಡು ಗಿಡ ಉಳಿದರೆ ಹೆಚ್ಚು. ಚಿತ್ರಸ್ಪರ್ಧೆಯಲ್ಲಿ ಹಿಮಕರಡಿ ಬಿಡಿಸಿ ಬಹುಮಾನ ಗೆದ್ದ ಮಗುವಿಗೆ ತನ್ನ ಮನೆಯ ಗೇಟಿನ ಪಕ್ಕದ ಗಿಡ ಯಾವಾಗ ಹೂ ಬಿಡುತ್ತದೆಂದು ಗೊತ್ತಿರಲಿಲ್ಲ. ಪರಿಸರ ಶಿಕ್ಷಣ ಕುರಿತ 1977ರ ಅಂತರರಾಷ್ಟ್ರೀಯ ಟಿಬಿಲಿಸಿ ಘೋಷಣೆ ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ ಎಂದು ಐದು ಗುರಿ ಇಟ್ಟಿತ್ತು. ನಮ್ಮ ಕೆಲಸ ಎರಡನೆಯದನ್ನು ದಾಟುತ್ತಲೇ ಇರಲಿಲ್ಲ.

ಹೊಸ ವಿಧಾನದಲ್ಲಿ ಮರ ಮನೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ, ಒಂದು ನೋಟ್‌ಬುಕ್. ನಾಲ್ಕು ಮಕ್ಕಳಿಗೆ ಅದೇ ಬೀದಿಯ ಒಬ್ಬ ನಿವೃತ್ತರು ಜೊತೆ. ಇಡೀ ಕಾರ್ಯಕ್ರಮ ನಿಂತಿರುವುದು ಈ ಹಿರಿಯರ ಮೇಲೆ. ಮಗು ಒಂದು ವಾರ ಬಾರದಿದ್ದರೆ ಅವರೇ ಮನೆಗೆ ಹೋಗಿ ವಿಚಾರಿಸುತ್ತಾರೆ. ಮೊದಲ ಎರಡು ತಿಂಗಳು ಯಾವ ಹುಳದ ಹೆಸರನ್ನೂ ನಾವು ಹೇಳುವುದಿಲ್ಲ, ಮಕ್ಕಳೇ ಹೆಸರಿಡಬೇಕು. ಆಮೇಲೆ ಫೋನ್ ಕ್ಯಾಮೆರಾ ಹಿಡಿದರೆ ಗಿಡ, ಹುಳಗಳನ್ನು ಗುರುತಿಸುವ ಸೀಕ್ ಆ್ಯಪ್ ಕೊಡುತ್ತೇವೆ. ಅದಕ್ಕೆ ಖಾತೆ ಬೇಡವಾದ್ದರಿಂದ ಚಿಕ್ಕವರಿಗೆ ಅನುಕೂಲ. ಮೊದಲ ದಿನವೇ ಫೋನ್ ಕೊಟ್ಟರೆ ಕಣ್ಣು ಪರದೆಯಿಂದ ಮೇಲೇಳುವುದಿಲ್ಲ. ಮೂರನೇ ತಿಂಗಳಲ್ಲಿ ಉತ್ಸಾಹ ಖಂಡಿತ ಇಳಿಯುತ್ತದೆ. ಆಗ ನಾನು ಆಡಿಸುವ ಆಟವೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಣದ ವಿಷಯ. ಬಸ್ಸು, ಬಹುಮಾನ, ಬ್ಯಾನರ್ ಮೂರನ್ನೂ ತೆಗೆದ ಮೇಲೆ ಖರ್ಚು ಹಳೆಯದರ ಕಾಲು ಭಾಗಕ್ಕೆ ಇಳಿಯಿತು. ಅದರಲ್ಲಿ ಹೆಚ್ಚಿನ ಪಾಲು 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್‌ಗಳಿಗೆ ಹೋಯಿತು, ಇಬ್ಬರಿಗೊಂದು ಸಾಕು. ಬ್ಯಾನರ್ ಇಲ್ಲವೆಂದು ಒಬ್ಬ ದಾನಿ ಹಿಂದೆ ಸರಿದರು. ಆ ಕೊರತೆಯನ್ನು ಮನೆಗಳಿಂದ ತಿಂಗಳಿಗಿಷ್ಟು ಎಂದು ಎತ್ತಿ ತುಂಬಿಸಿದೆವು. ಹಣ ಕೊಟ್ಟ ಮನೆಗಳ ಮಕ್ಕಳು ತಪ್ಪದೆ ಬಂದದ್ದು ನಾನು ಎಣಿಸಿರದ ಲಾಭ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ರಾತ್ರಿ ಬಿಳಿ ಬಟ್ಟೆ ಕಟ್ಟಿ ಪತಂಗ ನೋಡುವುದು ಮೊದಮೊದಲು ನೆಲಕಚ್ಚಿತು. ಸಾಮಾನ್ಯ ಎಲ್‌ಇಡಿ ಬಲ್ಬು, ಮೇಲಿಂದ ತುಂಬು ಬೆಳದಿಂಗಳು. ನೇರಳಾತೀತ ಬಲ್ಬು ತಂದು, ಅಮಾವಾಸ್ಯೆಯ ಆಸುಪಾಸಿನ ಗಾಳಿಯಿಲ್ಲದ ರಾತ್ರಿ ಕಟ್ಟಿದಾಗ ಬಟ್ಟೆಯೇ ತುಂಬಿಹೋಯಿತು. ಬಲ್ಬನ್ನು ಒಂದೆರಡು ಗಂಟೆ ಉರಿಸಿದ ಮೇಲೆ ಆರಿಸಿಬಿಡಿ, ಪತಂಗಗಳಿಗೂ ಅವುಗಳ ಕೆಲಸವಿರುತ್ತದೆ. ಆಲಿಕೆಯಲ್ಲಿ ತರಗೆಲೆ ಹಾಕಿ ಮೇಲೆ ಬಲ್ಬು ಉರಿಸುವುದು ಮಾತ್ರ ಮೊದಲ ಸಲವೇ ಗೆದ್ದಿತು. ಒಣಗುವ ಎಲೆಯಿಂದ ತೇವ ಹುಡುಕುತ್ತ ಕೆಳಗಿಳಿದ ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿಗಳು ಹೊಟ್ಟೆಯಡಿಯ ಕವೆಯಿಂದ ಚಿಮ್ಮುವುದನ್ನು ಲೆನ್ಸ್‌ನಲ್ಲಿ ಕಂಡ ಮಕ್ಕಳನ್ನು ಮನೆಗೆ ಕಳಿಸುವುದೇ ಕಷ್ಟವಾಯಿತು. ಕಾಂಡದ ಮೇಲೆ ಶಿಲೀಂಧ್ರ, ಪಾಚಿ ಕೂಡಿ ಬೆಳೆಯುವ ಕಲ್ಲುಹೂವಿನ (ಲೈಕನ್) ನಕ್ಷೆ ಇನ್ನೂ ಅರ್ಧದಲ್ಲಿದೆ. ಪೊದೆಯಂತೆ ಬೆಳೆಯುವ ಬಗೆಗಳು ಗಂಧಕದ ಹೊಗೆಯನ್ನು ತಾಳುವುದಿಲ್ಲ, ಹಾಗಾಗಿ ರಸ್ತೆಬದಿಯ ಮರಗಳನ್ನೂ ಒಳಗಿನವನ್ನೂ ಹೋಲಿಸುತ್ತಿದ್ದೇವೆ.

ಎರಡನೇ ತಂಡದ ವರ್ಷ ತಂತಿಗೆ ತಾಗುವ ಕೊಂಬೆ ಕಡಿಯಲು ಕೆಲಸಗಾರರು ಬಂದರು. ಆ ಮರದ ಹುಡುಗಿ ನೋಟ್‌ಬುಕ್ ಹಿಡಿದು ಓಡಿಬಂದು, ಗೂಡಿನಲ್ಲಿ ಮೊಟ್ಟೆ ಒಡೆದು ಎಷ್ಟು ದಿನವಾಯಿತೆಂದು ತೋರಿಸಿದಳು. ಮರಿಗಳು ಹಾರುವವರೆಗೆ ಆ ಕೊಂಬೆಯನ್ನು ಬಿಟ್ಟರು. ನಮ್ಮನ್ನು ಒಪ್ಪದಿದ್ದ ಸಂಘದವರೇ ಅಂದು ಅವಳ ಪರ ನಿಂತು ಮಾತಾಡಿದರು.

ಮುಂದಿನ ತಂಡವನ್ನು ಎಲೆ ಉದುರುವ ಕಾಲಕ್ಕೇ ಆರಂಭಿಸುತ್ತೇನೆ. ಬರಿಗೊಂಬೆಯಲ್ಲಿ ಹಳೆಯ ಗೂಡುಗಳೆಲ್ಲ ಕಾಣುತ್ತವೆ, ಮೊದಲ ವಾರದಿಂದಲೇ ಬರೆದುಕೊಳ್ಳಲು ಬೇಕಾದಷ್ಟಿರುತ್ತದೆ.