ನನ್ನ ತಾರಸಿಯ ವಯೋಲಾ

ಬೆಂಗಳೂರಿನಲ್ಲಿ ವಯೋಲಾ ಅನ್ನೋ ಚಳಿಗಾಲದ ಪುಟ್ಟ ಹೂವಿನ ಗಿಡ ಬರಲ್ಲ ಅಂತ ಎರಡು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ತಪ್ಪು ನನ್ನದೇ. ಮೊದಲ ಸಲ ಬೀಜ ಹಾಕಿದ್ದು ಜನವರಿ ಕೊನೆಗೆ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುಮ್ಮಸ್ಸಿನಲ್ಲಿ. ಸಸಿ ಚೇತರಿಸಿಕೊಳ್ಳುವಷ್ಟರಲ್ಲಿ ಬೇಸಿಗೆ ಬಂತು. ಎರಡನೇ ವರ್ಷ ಬೀಜ ಮೊಳೆಯಲೇ ಇಲ್ಲ. ಟ್ರೇಯನ್ನು ಬಿಸಿಲಿಗೆ ಇಟ್ಟು ಕಾಯುತ್ತಾ ಕೂತಿದ್ದೆ!

ವಯೋಲಾ ಬೀಜಕ್ಕೆ ಕತ್ತಲೆ ಇಷ್ಟ. ಈಗ ಸೆಪ್ಟೆಂಬರ್ ಕೊನೆಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಬೆರೆಸಿ ಟ್ರೇ ತುಂಬುತ್ತೇನೆ. ಬೀಜದ ಮೇಲೆ ತೆಳ್ಳಗೆ ಅದೇ ಪುಡಿ ಉದುರಿಸಿ, ಒದ್ದೆ ನ್ಯೂಸ್‌ಪೇಪರ್ ಮುಚ್ಚಿ, ಮೆಟ್ಟಿಲ ಕೆಳಗೆ ಇಡುತ್ತೇನೆ. ಹತ್ತರಿಂದ ಹದಿನಾಲ್ಕು ದಿನ ಸಾಕು. ಒಂದು ವಾರ ಆದ ಮೇಲೆ ದಿನಾ ಇಣುಕಿ ನೋಡಬೇಕು. ಬಿಳಿ ಎಳೆ ಕಂಡ ದಿನವೇ ಬೆಳಕಿಗೆ ತಂದುಬಿಡಿ, ಇಲ್ಲದಿದ್ದರೆ ದಾರದ ಹಾಗೆ ಉದ್ದವಾಗಿ ಮಲಗುತ್ತವೆ. ನೀರು ಕೆಳಗಿನ ತಟ್ಟೆಗೆ. ಮೇಲಿಂದ ಸುರಿದರೆ ಬುಡ ಕೊಳೆಯುತ್ತದೆ.

ನಾಲ್ಕೈದು ಎಲೆ ಬಂದಾಗ ಎಂಟು ಇಂಚಿನ ಕುಂಡಕ್ಕೆ ಮೂರು ಸಸಿ. ಕೆಮ್ಮಣ್ಣು, ಕೋಕೋಪೀಟ್, ಗೊಬ್ಬರ ಸಮಸಮ, ಮೇಲೊಂದು ಮುಷ್ಟಿ ಬೇವಿನ ಹಿಂಡಿ. ಬೆಳಗಿನ ಬಿಸಿಲು ನಾಲ್ಕು ಗಂಟೆ ಸಿಕ್ಕರೆ ಡಿಸೆಂಬರ್‌ನಲ್ಲಿ ಹೂವು. ಬಾಡಿದ ಹೂವನ್ನು ತೊಟ್ಟಿನ ಸಮೇತ ಚಿವುಟುವುದೊಂದೇ ದಿನದ ಕೆಲಸ. ಕಾಫಿ ಲೋಟ ಒಂದು ಕೈಯಲ್ಲಿದ್ದರೂ ಆಗುತ್ತೆ.

ಇದರದೇ ಬಳಗದ ಪ್ಯಾನ್ಸಿ ದೊಡ್ಡ ಹೂವು ನಿಜ, ಆದರೆ ನನಗೆ ವಯೋಲಾನೇ ವಾಸಿ. ಹೂವು ಚಿಕ್ಕದು, ಬಿಡುವುದು ಜಾಸ್ತಿ, ಸೆಕೆಯನ್ನೂ ಸ್ವಲ್ಪ ಹೆಚ್ಚು ತಡೆಯುತ್ತದೆ. ಕುಂಡದ ಅಂಚಿಗೆ ಬಿಳಿ ಅಲಿಸಮ್ ಅನ್ನೋ ಪುಟ್ಟ ಹೂಗಿಡ ಹಾಕುತ್ತೇನೆ. ಅದಕ್ಕೆ ಜೇನಿನಂಥ ವಾಸನೆ.

ಬೀಜ ಬೇಕಾದರೆ ಫೆಬ್ರವರಿಯಲ್ಲಿ ಚಿವುಟುವುದನ್ನು ನಿಲ್ಲಿಸಿ. ಎಳೆ ಕಾಯಿ ತಲೆ ತಗ್ಗಿಸಿಕೊಂಡಿರುತ್ತದೆ, ಬಲಿತಾಗ ತಲೆ ಎತ್ತುತ್ತದೆ. ಆಗಲೇ ಕಿತ್ತುಬಿಡಬೇಕು. ಒಡೆದರೆ ಮೂರು ಪುಟ್ಟ ದೋಣಿ, ಒಳಗೆ ಸಾಲಾಗಿ ಕಂದು ಬೀಜ. ಒಣಗುತ್ತಾ ದೋಣಿಯ ಅಂಚು ಬಿಗಿದು ಬೀಜವನ್ನು ಚಿಮ್ಮಿಸುತ್ತದೆ. ಒಮ್ಮೆ ಸ್ಟೀಲ್ ಬಟ್ಟಲಲ್ಲಿ ಬಿಟ್ಟು ಮಲಗಿದ್ದೆ. ರಾತ್ರಿಯೆಲ್ಲ ಟಿಕ್, ಟಿಕ್. ಬೆಳಿಗ್ಗೆ ಬಟ್ಟಲು ಖಾಲಿ, ಬೀಜ ಫ್ರಿಜ್ ಕೆಳಗೆ! ಈಗ ಕಾಗದದ ಕವರ್‌ನಲ್ಲಿ ಹಾಕಿ ಬಾಯಿ ಮಡಚಿಡುತ್ತೇನೆ. ಹೈಬ್ರಿಡ್ ಗಿಡದ ಬೀಜವಾದರೆ ಬಣ್ಣ ತಾಯಿಯ ಹಾಗೇ ಬರುವ ಖಾತ್ರಿ ಇಲ್ಲ. ಹೋದ ವರ್ಷ ಕರಿಬೇವಿನ ಕುಂಡದಲ್ಲಿ ತಾನಾಗೇ ಎದ್ದ ಒಂದು ಸಸಿ, ನಾನು ಎಂದೂ ಬೆಳೆಸದ ಬಣ್ಣದ ಹೂವು ಬಿಟ್ಟಿತು. ಅದನ್ನು ಅಲ್ಲೇ ಬಿಟ್ಟಿದ್ದೇನೆ.