ವಾರ್ನಿಂಗುಗಳ ರಾಶಿಯನ್ನು ನಾವು ಕರಗಿಸಿದ ಬಗೆ

ನಾನು ಕೆಲಸ ಮಾಡುವ ಸಿ++ ಪ್ರಾಜೆಕ್ಟ್ ಹಲವು ತಂಡಗಳ ಕೈ ದಾಟಿ ಬಂದದ್ದು. ಬಿಲ್ಡ್ (ಕೋಡನ್ನು ಕಂಪೈಲರ್ ಯಂತ್ರಭಾಷೆಗೆ ತಿರುಗಿಸುವ ಕೆಲಸ) ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಸಾವಿರಾರು ವಾರ್ನಿಂಗುಗಳು, ಅಂದರೆ ಕೆಲಸ ನಿಲ್ಲಿಸದೆ ಕಂಪೈಲರ್ ಕೊಡುವ ಎಚ್ಚರಿಕೆಗಳು, ಹರಿದುಹೋಗುತ್ತಿದ್ದವು. ಕೊನೆಯಲ್ಲಿ ಬಿಲ್ಡನ್ನೇ ನಿಲ್ಲಿಸುವ ಎರರ್ ಇಲ್ಲದಿದ್ದರೆ ಸಾಕೆಂಬುದು ಎಲ್ಲರೂ ಒಪ್ಪಿಕೊಂಡ ರೂಢಿಯಾಗಿತ್ತು. ನಿನ್ನೆ ಬರೆದ ಕೋಡಿನಲ್ಲಿರುವ ನಿಜವಾದ ದೋಷವನ್ನು ಕಂಪೈಲರ್ ಹೇಳಿದರೂ ಆ ಹರಿವಿನಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇದನ್ನು ಸರಿಪಡಿಸುವ ಹೊಣೆ ನನಗೆ ಬಂದಾಗ ಮೊದಲು ಕೇಳಿಬಂದ ಸಲಹೆಯೆಂದರೆ, ಎಲ್ಲ ವಾರ್ನಿಂಗುಗಳನ್ನೂ ಎರರ್ ಆಗಿ ಪರಿಗಣಿಸುವ ‘ಡಬ್ಲ್ಯೂ-ಎರರ್’ ಫ್ಲ್ಯಾಗನ್ನು (ಕಂಪೈಲರಿಗೆ ಕೊಡುವ ಆಯ್ಕೆ) ಒಂದೇ ಸಲ ಹಾಕಿಬಿಡುವುದು. ನಾನು ಅದಕ್ಕೆ ಒಪ್ಪಲಿಲ್ಲ. ರಾಶಿ ಇರುವಾಗಲೇ ಆ ಫ್ಲ್ಯಾಗ್ ಹಾಕಿದರೆ ಒಂದೋ ಎಲ್ಲರ ಕೆಲಸ ನಿಲ್ಲುತ್ತದೆ, ಇಲ್ಲವೇ ಅವಸರಕ್ಕೆ ಬಿದ್ದ ಜನ ದೋಷವನ್ನು ಹಾಗೆಯೇ ಬಿಟ್ಟು ವಾರ್ನಿಂಗಿನ ಬಾಯಿ ಮಾತ್ರ ಮುಚ್ಚಿಸುತ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿಯೇ 2021ರ ಸೆಪ್ಟೆಂಬರಿನಲ್ಲಿ, 5.15ನೇ ಆವೃತ್ತಿಯ ಸಿದ್ಧತೆ ನಡೆದಿದ್ದಾಗ, ಅದರ ಸೃಷ್ಟಿಕರ್ತ ಲೈನಸ್ ಟೋರ್ವಾಲ್ಡ್ಸ್ ಇದನ್ನು ಎಲ್ಲ ಬಿಲ್ಡುಗಳಿಗೂ ಡೀಫಾಲ್ಟ್ ಮಾಡಿ, ಹಲವೆಡೆ ಬಿಲ್ಡ್ ಮುರಿದದ್ದರಿಂದ ಕೆಲವೇ ದಿನಗಳಲ್ಲಿ ಆ ಡೀಫಾಲ್ಟನ್ನು ಪರೀಕ್ಷಾ ಬಿಲ್ಡುಗಳಿಗೆ ಸೀಮಿತಗೊಳಿಸಬೇಕಾಯಿತು.

ಹಾಗಾಗಿ ಮೊದಲ ಕೆಲಸ ಎಣಿಕೆ. ಇದು ತೋರುವಷ್ಟು ಸುಲಭವಲ್ಲ. ಬದಲಾದ ಫೈಲುಗಳನ್ನಷ್ಟೇ ಮತ್ತೆ ಕಂಪೈಲ್ ಮಾಡುವ ಬಿಲ್ಡಿನಲ್ಲಿ ಉಳಿದ ಫೈಲುಗಳ ವಾರ್ನಿಂಗುಗಳು ಕಾಣಿಸುವುದೇ ಇಲ್ಲ; ಆದ್ದರಿಂದ ಪ್ರತಿ ರಾತ್ರಿ ಎಲ್ಲವನ್ನೂ ಅಳಿಸಿ ಹೊಸದಾಗಿ ಕಟ್ಟುವ ಬಿಲ್ಡಿನ ಲೆಕ್ಕವನ್ನು ಮಾತ್ರ ನಂಬಿದೆವು. (ಹಿಂದಿನ ಕಂಪೈಲಿನ ಫಲಿತಾಂಶವನ್ನು ಉಳಿಸಿಡುವ ಸಿಕ್ಯಾಶ್ ಬಳಸಿ ಹೀಗೆ ಹೊಸದಾಗಿ ಕಟ್ಟಿದರೂ ಲೆಕ್ಕ ತಪ್ಪುವುದಿಲ್ಲ, ಅದು ಉಳಿಸಿಟ್ಟ ಫಲಿತಾಂಶವನ್ನು ಕೊಡುವಾಗ ಹಿಂದಿನ ವಾರ್ನಿಂಗುಗಳನ್ನೂ ಮತ್ತೆ ಮುದ್ರಿಸುತ್ತದೆ.) ಎರಡನೆಯ ತೊಡಕು ಹೆಡರ್ ಫೈಲುಗಳದು, ಅಂದರೆ ಹಲವು ಫೈಲುಗಳು ಹಂಚಿಕೊಳ್ಳುವ ಘೋಷಣೆಗಳ ಫೈಲುಗಳದು. ಒಂದು ಹೆಡರಿನಲ್ಲಿರುವ ಒಂದೇ ವಾರ್ನಿಂಗು ಅದನ್ನು ಸೇರಿಸಿಕೊಂಡ ಪ್ರತಿಯೊಂದು ಫೈಲಿನ ಕಂಪೈಲಿನಲ್ಲೂ ಮರಳಿ ಬರುತ್ತದೆ. ಫೈಲು, ಸಾಲು, ಕಾಲಂ ಮತ್ತು ಫ್ಲ್ಯಾಗ್ ಒಂದೇ ಆಗಿರುವುದನ್ನು ಒಮ್ಮೆ ಮಾತ್ರ ಎಣಿಸುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದ ಮೇಲೆ ರಾಶಿ ಗಣನೀಯವಾಗಿ ಕುಗ್ಗಿತು. ಕೋಡಿನ ಒಂದು ಸಾಲನ್ನೂ ಮುಟ್ಟದೆ ಸಿಕ್ಕ ಈ ಇಳಿಕೆ ತಂಡದ ಹುಮ್ಮಸ್ಸಿಗೆ ಒಳ್ಳೆಯದಾಯಿತು. ಏಕಕಾಲಕ್ಕೆ ಹಲವು ಫೈಲುಗಳು ಕಂಪೈಲ್ ಆಗುವಾಗ ಲಾಗಿನಲ್ಲಿ ಸಾಲುಗಳು ಒಂದರೊಳಗೊಂದು ಸೇರಿಕೊಳ್ಳುತ್ತಿದ್ದುದಕ್ಕೆ, ಬಿಲ್ಡ್ ನಡೆಸುವ ಸಾಧನವಾದ ಗ್ನೂ ಮೇಕ್ 4.0ರಿಂದ ಲಭ್ಯವಿರುವ ಔಟ್‌ಪುಟ್-ಸಿಂಕ್ ಆಯ್ಕೆ ಪರಿಹಾರವಾಯಿತು.

ಎಣಿಕೆ ನಂಬುವಂತಾದ ಮೇಲೆ, ಇದ್ದದ್ದನ್ನು ಇಳಿಸುವ ಮೊದಲು ಅದು ಏರದಂತೆ ತಡೆದೆವು. ಯಾವ ಫೈಲಿನಲ್ಲಿ ಯಾವ ಬಗೆಯ ವಾರ್ನಿಂಗು ಎಷ್ಟಿದೆ ಎಂಬ ಪಟ್ಟಿಯನ್ನು ಕೋಡಿನ ಜೊತೆಯಲ್ಲಿಯೇ ಗಿಟ್‌ನಲ್ಲಿಟ್ಟು, ಆ ಸಂಖ್ಯೆಯನ್ನು ಹೆಚ್ಚಿಸುವ ಬದಲಾವಣೆಯನ್ನು ಸಿಐ (ಪ್ರತಿ ಬದಲಾವಣೆಯನ್ನೂ ತಾನಾಗಿಯೇ ಕಟ್ಟಿ ಪರೀಕ್ಷಿಸುವ ವ್ಯವಸ್ಥೆ) ತಿರಸ್ಕರಿಸುವಂತೆಯೂ, ಕಡಿಮೆ ಮಾಡಿದರೆ ಪಟ್ಟಿಯನ್ನು ತಾನಾಗಿಯೇ ಹೊಸ ಸಂಖ್ಯೆಗೆ ಇಳಿಸುವಂತೆಯೂ ಏರ್ಪಾಡು ಮಾಡಿದೆವು. ಇಲ್ಲಿ ಸಾಲಿನ ಸಂಖ್ಯೆಯನ್ನು ಬೇಕೆಂದೇ ಕೈಬಿಟ್ಟೆವು, ಏಕೆಂದರೆ ಫೈಲಿನ ಮೇಲ್ಭಾಗದಲ್ಲಿ ಒಂದು ಸಾಲು ಸೇರಿದರೂ ಕೆಳಗಿನ ಹಳೆಯ ವಾರ್ನಿಂಗುಗಳೆಲ್ಲ ಹೊಸದೆಂದು ತೋರುತ್ತವೆ, ಮತ್ತು ತನ್ನದಲ್ಲದ ತಪ್ಪಿಗೆ ಎರಡು ಸಲ ತಡೆಯಲ್ಪಟ್ಟವನು ಮೂರನೆಯ ಸಲ ಇಡೀ ವ್ಯವಸ್ಥೆಯನ್ನೇ ಶಪಿಸುತ್ತಾನೆ.

ಇಳಿಸುವ ಕೆಲಸವನ್ನು ಫೈಲುವಾರು ಹಂಚದೆ ಬಗೆವಾರು ಕೈಗೆತ್ತಿಕೊಂಡೆವು. ಮೊದಲು ತೆಗೆದುಕೊಂಡದ್ದು ‘ರಿಟರ್ನ್-ಟೈಪ್’. ಬೆಲೆಯೊಂದನ್ನು ಹಿಂದಿರುಗಿಸಬೇಕಾದ ಫಂಕ್ಷನ್ ಯಾವುದೋ ಒಂದು ದಾರಿಯಲ್ಲಿ ಏನನ್ನೂ ಹಿಂದಿರುಗಿಸದೆ ಕೊನೆ ಮುಟ್ಟಿದರೆ ಸಿ++ನಲ್ಲಿ ಮುಂದೇನಾಗುತ್ತದೆಂಬುದಕ್ಕೆ ಯಾವ ಖಾತರಿಯೂ ಇಲ್ಲ. ಜಿಸಿಸಿ ಕಂಪೈಲರಿನ 8ನೇ ಆವೃತ್ತಿಯಿಂದೀಚೆಗೆ, ಕೋಡನ್ನು ವೇಗಗೊಳಿಸುವ ಅದರ ಆಪ್ಟಿಮೈಸರ್ ಅಂಥ ಕೊನೆಯನ್ನು ಯಾರೂ ತಲುಪುವುದಿಲ್ಲವೆಂದೇ ಭಾವಿಸುತ್ತದೆ. ತಲುಪಿದರೆ ಪ್ರೋಗ್ರಾಂ ಪಕ್ಕದ ಫಂಕ್ಷನ್ನಿನೊಳಕ್ಕೆ ನುಗ್ಗಿದರೂ ಆಶ್ಚರ್ಯವಿಲ್ಲ. ಇವು ಕಡಿಮೆ ಇದ್ದವು, ಬೇಗ ಮುಗಿದವು. ಬಳಸದ ಪ್ಯಾರಾಮೀಟರುಗಳಂಥವು ಸಂಖ್ಯೆಯಲ್ಲಿ ಹೆಚ್ಚು, ಅಪಾಯದಲ್ಲಿ ಕಡಿಮೆ. ಅವನ್ನು ಹೊಸದಾಗಿ ಸೇರಿದವರಿಗೆ ಕೋಡಿನ ಪರಿಚಯವಾಗಲೆಂದು ಕೊಟ್ಟೆವು.

ಹೆಚ್ಚು ಸಮಯ ಬೇಡಿದ್ದು ‘ಸೈನ್-ಕಂಪೇರ್’, ಅಂದರೆ ಸೈನ್ಡ್ (ಋಣಾತ್ಮಕವೂ ಆಗಬಲ್ಲ) ಮತ್ತು ಅನ್‌ಸೈನ್ಡ್ (ಋಣಾತ್ಮಕವಾಗಲಾರದ) ಸಂಖ್ಯೆಗಳನ್ನು ಹೋಲಿಸುವಾಗ ಬರುವ ವಾರ್ನಿಂಗು. ಸಿ++ನಲ್ಲಿ ‘ಡಬ್ಲ್ಯೂ-ಆಲ್’ ಹಾಕಿದರೇ ಇದು ಬರುತ್ತದೆ. ಸಿ ಭಾಷೆಗೆ ‘ಡಬ್ಲ್ಯೂ-ಎಕ್ಸ್‌ಟ್ರಾ’ ಬೇಕು. ಇದರಲ್ಲಿ ಬಹುಪಾಲು ವೆಕ್ಟರ್ ಎಂಬ ಪಟ್ಟಿಯ ಉದ್ದಕ್ಕೆ (ಅನ್‌ಸೈನ್ಡ್) ಇಂಟ್ ಸೂಚ್ಯಂಕವನ್ನು (ಸೈನ್ಡ್) ಹೋಲಿಸುವ ನಿರುಪದ್ರವಿ ಲೂಪುಗಳು. ಆದರೆ ಅವುಗಳ ನಡುವೆ ಇಂಥದ್ದೂ ಇತ್ತು: ಜಾಲಸಂಪರ್ಕದ ಸಾಕೆಟ್ಟಿನಿಂದ ಎಷ್ಟು ಬೈಟ್ ಓದಲಾಯಿತೆಂಬುದು ಸೈನ್ಡ್ ಬೆಲೆ, ಓದು ವಿಫಲವಾದರೆ ಅದು -1. ಮರುಸಾಲಿನಲ್ಲಿ, ಓದಿದ್ದು ಪ್ಯಾಕೆಟ್ಟಿನ ತಲೆಭಾಗವಾದ ಹೆಡರಿನ ‘ಸೈಜ್‌ಆಫ್’ಗಿಂತ, ಅಂದರೆ ಅದರ ಗಾತ್ರಕ್ಕಿಂತ, ಚಿಕ್ಕದಾದರೆ ಪ್ಯಾಕೆಟನ್ನು ಎಸೆ ಎಂಬ ಪರೀಕ್ಷೆ. ‘ಸೈಜ್‌ಆಫ್’ ಅನ್‌ಸೈನ್ಡ್ ಆದ್ದರಿಂದ ಹೋಲಿಕೆಗೆ ಮುನ್ನ -1 ಕೂಡ ಅನ್‌ಸೈನ್ಡ್ ಆಗಿ, 64 ಬಿಟ್ ಯಂತ್ರದಲ್ಲಿ 18446744073709551615 ಆಗುತ್ತದೆ. ಅದು ಹೆಡರಿಗಿಂತ ಚಿಕ್ಕದಲ್ಲ. ವಿಫಲವಾದ ಓದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಫರಿನಲ್ಲಿ ಹಿಂದೆ ಉಳಿದಿದ್ದ ಕಸವನ್ನೇ ಪ್ಯಾಕೆಟ್ ಎಂದು ಬಗೆದು ಕೋಡ್ ಮುಂದುವರಿಯುತ್ತದೆ. ಇದನ್ನು ಸರಿಪಡಿಸಲು ಬಂದ ಮೊದಲ ಪ್ಯಾಚ್ ಎಡಬದಿಯ ಬೆಲೆಯನ್ನು ‘ಸೈಜ್-ಟಿ’ ಎಂಬ ಅನ್‌ಸೈನ್ಡ್ ಬಗೆಗೆ ಕ್ಯಾಸ್ಟ್ ಮಾಡಿತ್ತು, ಅಂದರೆ ಬಲವಂತವಾಗಿ ಬದಲಿಸಿತ್ತು. ವಾರ್ನಿಂಗು ಹೋಯಿತು, ಬಗ್ ಇದ್ದಲ್ಲಿಯೇ ಇತ್ತು. ಕಂಪೈಲರ್ ಸದ್ದಿಲ್ಲದೆ ಮಾಡುತ್ತಿದ್ದುದನ್ನು ನಾವೇ ಕೈಯಾರೆ ಬರೆದಂತಾಗಿತ್ತು ಅಷ್ಟೆ. ಸರಿಯಾದ ಪರಿಹಾರವೆಂದರೆ ಬೆಲೆ ಸೊನ್ನೆಗಿಂತ ಕಡಿಮೆಯೇ ಎಂದು ಮೊದಲು ಕೇಳುವ ಇನ್ನೊಂದು ಸಾಲು.

ಆ ಪ್ಯಾಚಿನ ನಂತರ ರಿವ್ಯೂಗೆ ಒಂದು ನಿಯಮ ತಂದೆವು: ಕೇವಲ ಕ್ಯಾಸ್ಟಿನಿಂದ ವಾರ್ನಿಂಗು ಹೋಗಿದ್ದರೆ, ಆ ಬೆಲೆ ಎಲ್ಲಿಂದ ಬರುತ್ತದೆ ಮತ್ತು ಯಾಕೆ ಋಣಾತ್ಮಕವಾಗಲಾರದು ಎಂಬುದನ್ನು ಬರೆಯದೆ ಒಪ್ಪಿಗೆ ಇಲ್ಲ. ಹಿರಿಯರೊಬ್ಬರು ಇದು ಅತಿಯಾಯಿತೆಂದಾಗ ನಾನು ಲಿನಕ್ಸ್ ವಿತರಣೆಗಳಲ್ಲೊಂದಾದ ಡೆಬಿಯನ್ನಿನ ಉದಾಹರಣೆ ಕೊಟ್ಟೆ. 2006ರಲ್ಲಿ ಅಲ್ಲಿ ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಬೆಲೆ ತುಂಬದ ಮೆಮೊರಿಯ ಬಳಕೆಯ ಬಗ್ಗೆ ಮೆಮೊರಿ ದೋಷಗಳನ್ನು ಹುಡುಕುವ ಸಾಧನವಾದ ವ್ಯಾಲ್‌ಗ್ರಿಂಡ್ ಕೊಡುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸಲು ತೆಗೆದ ಸಾಲುಗಳ ಜೊತೆಯಲ್ಲಿ ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಬತ್ತಿಹೋಗಿ, ಪ್ರೋಸೆಸ್ ಐಡಿಯೊಂದೇ ಉಳಿದುಕೊಂಡಿತು. 2008ರ ಮೇ ತಿಂಗಳಲ್ಲಿ ಇದು ಬಯಲಾಗುವವರೆಗೆ ಅಲ್ಲಿ ತಯಾರಾದ ಕೀಲಿಗಳನ್ನು ಊಹಿಸಿಬಿಡಬಹುದಾಗಿತ್ತು. ಅದು ಕಂಪೈಲರಿನ ವಾರ್ನಿಂಗಲ್ಲ ನಿಜ, ಆದರೆ ಬಾಯಿ ಮುಚ್ಚಿಸುವ ಆತುರ ಅದೇ.

ನಿಜವಾಗಿಯೂ ಸುಳ್ಳು ವಾರ್ನಿಂಗುಗಳೂ ಇವೆ. ಬೆಲೆ ತುಂಬದ ವೇರಿಯಬಲ್ ಬಳಕೆಯಾಗುತ್ತಿರಬಹುದೆನ್ನುವ ‘ಮೇಬಿ-ಅನ್‌ಇನಿಶಿಯಲೈಸ್ಡ್’ ಅವುಗಳಲ್ಲಿ ಕುಖ್ಯಾತವಾದದ್ದು. ಆಪ್ಟಿಮೈಸೇಶನ್ ಮಟ್ಟ ಬದಲಾದರೆ ಬರುತ್ತದೆ, ಹೋಗುತ್ತದೆ. ಲಿನಕ್ಸ್ ಕರ್ನಲ್ 2020ರಲ್ಲಿ ಸಾಮಾನ್ಯ ಬಿಲ್ಡಿನಲ್ಲಿ ಅದನ್ನು ನಿಲ್ಲಿಸಿಯೇಬಿಟ್ಟಿತು. ನಾವು ನಿಲ್ಲಿಸಲಿಲ್ಲ, ಎರರ್ ಆಗದಂತೆ ಮಾತ್ರ ಹೊರಗಿಟ್ಟೆವು. ಎಲ್ಲ ಕಡೆ ಸೊನ್ನೆ ತುಂಬಿ ಕೈತೊಳೆದುಕೊಳ್ಳುವುದನ್ನು ನಾನು ವಿರೋಧಿಸಿದೆ. ಅರ್ಥವಿಲ್ಲದ ಆ ಸೊನ್ನೆ, ಮುಂದೆ ನಿಜವಾಗಿ ಬೆಲೆ ತುಂಬುವುದನ್ನು ಮರೆತಾಗ ವ್ಯಾಲ್‌ಗ್ರಿಂಡ್‌ಗೂ ಕಾಣದಂತೆ ಅದನ್ನು ಮರೆಮಾಡುತ್ತದೆ. ತೀರಾ ಅನಿವಾರ್ಯವಾದಲ್ಲಿ ಕೋಡಿನೊಳಗಿಂದಲೇ ಕಂಪೈಲರಿಗೆ ಸೂಚನೆ ಕೊಡುವ ಪ್ರಾಗ್ಮಾದ ಪುಶ್ (ಸ್ಥಿತಿ ಉಳಿಸು) ಮತ್ತು ಪಾಪ್ (ಮರಳಿಸು) ನಡುವೆ ಆ ಕೆಲವು ಸಾಲುಗಳಿಗಷ್ಟೇ ವಿನಾಯಿತಿ ಕೊಟ್ಟು, ಕಾರಣವನ್ನು ಕಾಮೆಂಟಿನಲ್ಲಿ ಬರೆಸಿದೆವು. ಹೊರಗಿನ ಲೈಬ್ರರಿಗಳ ಹೆಡರುಗಳನ್ನು, ಅವುಗಳ ವಾರ್ನಿಂಗುಗಳನ್ನು ತಡೆಹಿಡಿಯುವ ‘ಐ-ಸಿಸ್ಟಂ’ ಫ್ಲ್ಯಾಗ್ ಮೂಲಕ ಸೇರಿಸಿದ್ದರಿಂದ ಅವುಗಳ ಗೊಡವೆ ತಪ್ಪಿತು.

‘ಡಬ್ಲ್ಯೂ-ಎರರ್’ ಕೊನೆಗೆ ಬಂತು, ಅದೂ ಡೈರೆಕ್ಟರಿವಾರು: ಒಂದು ಡೈರೆಕ್ಟರಿಯ ಲೆಕ್ಕ ಸೊನ್ನೆಯಾದ ದಿನ ಅಲ್ಲಿಗೆ ಆ ಫ್ಲ್ಯಾಗ್. ಇದು ಸಿಐನಲ್ಲಿ ಮಾತ್ರ, ಕಂಪೈಲರಿನ ಗೊತ್ತುಪಡಿಸಿದ ಆವೃತ್ತಿಗೆ ಮಾತ್ರ. ಗ್ರಾಹಕರಿಗೆ ಸೋರ್ಸ್ ರೂಪದಲ್ಲಿ ಕೊಡುವ ಭಾಗದಲ್ಲಿ ಅದಿಲ್ಲ, ಏಕೆಂದರೆ ಪ್ರತಿ ಹೊಸ ಆವೃತ್ತಿಯೂ ಹೊಸ ವಾರ್ನಿಂಗುಗಳನ್ನು ತರುತ್ತದೆ. ದಾರಿತಪ್ಪಿಸುವ ಇಂಡೆಂಟೇಶನ್ ಹಿಡಿಯುವುದು ಜಿಸಿಸಿ 6ರಲ್ಲಿ ಬಂತು, ಸ್ವಿಚ್ಚಿನ ಒಂದು ಕೇಸಿನಿಂದ ಮುಂದಿನದಕ್ಕೆ ಜಾರುವುದನ್ನು ಹಿಡಿಯುವುದು 7ರಲ್ಲಿ. ಆ್ಯಪಲ್‌ನ ಸುರಕ್ಷಿತ ಸಂಪರ್ಕದ (ಎಸ್‌ಎಸ್‌ಎಲ್) ಕೋಡಿನಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಂದು ಸಹಿ ಪರಿಶೀಲನೆಯೇ ತಪ್ಪಿಹೋಗಿದ್ದು 2014ರಲ್ಲಿ ಬಯಲಾದದ್ದನ್ನು ನೆನೆದರೆ ಇವುಗಳಲ್ಲಿ ಮೊದಲನೆಯದರ ಬೆಲೆ ತಿಳಿಯುತ್ತದೆ. ಹೀಗಾಗಿ ಕಂಪೈಲರ್ ಬದಲಿಸುವುದನ್ನು ನಾವೀಗ ಬೇರೆ ಯಾವ ಬದಲಾವಣೆಯ ಜೊತೆಗೂ ಬೆರೆಸುವುದಿಲ್ಲ: ಹೊಸ ಆವೃತ್ತಿಯಲ್ಲಿ ಮೊದಲು ಬರಿಯ ಎಣಿಕೆ, ಆ ಸಂಖ್ಯೆಗಳು ಪಟ್ಟಿಗೆ, ಆಮೇಲೆ ಮತ್ತೆ ಬಗೆವಾರು ಇಳಿಕೆ. ಬೆಲೆ ಬದಲಾಗಿಬಿಡಬಹುದಾದ ಪರಿವರ್ತನೆಗಳನ್ನು ಎತ್ತಿತೋರಿಸುವ ‘ಕನ್ವರ್ಶನ್’ ಫ್ಲ್ಯಾಗ್ ಮಾತ್ರ ಹಳೆಯ ಡೈರೆಕ್ಟರಿಗಳಲ್ಲಿ ಇನ್ನೂ ಹಾಕಿಲ್ಲ. ಹೊಸದಾಗಿ ತೆರೆಯುವ ಡೈರೆಕ್ಟರಿಗಳು ಅದರೊಂದಿಗೇ ಶುರುವಾಗುತ್ತವೆ.