ಎರರ್ ಲೆಕ್ಕ ಹಿಡಿದು ಕೂತಾಗ

ಕ್ರಿಕೆಟ್ ಸ್ಕೋರ್‌ಕಾರ್ಡಿನಲ್ಲಿ ಕ್ಯಾಚ್ ಬಿಟ್ಟವನ ಹೆಸರು ಬರುವುದಿಲ್ಲ. ಬೇಸ್‌ಬಾಲಿನಲ್ಲಿ ಹಾಗಲ್ಲ. ಗ್ಲವ್‌ನಿಂದ ಜಾರಿದ ಚೆಂಡು, ಅಡ್ಡಾದಿಡ್ಡಿ ಹೋದ ಎಸೆತ, ಎಲ್ಲವೂ ಎರರ್ ಅಂತ ಆಟಗಾರನ ಖಾತೆಗೆ ಬೀಳುತ್ತದೆ. ನ್ಯೂಜೆರ್ಸಿಗೆ ಬಂದು ಈ ಆಟದ ಹುಚ್ಚು ಹತ್ತಿದ ಮೇಲೆ ನಾನು ಸ್ಪ್ರೆಡ್‌ಶೀಟ್ ತೆರೆದಿದ್ದೇ ಈ ಲೆಕ್ಕಕ್ಕೆ.

ಮೊದಲು ಹಿಡಿದಿದ್ದು ಯಾಂಕೀಸ್ ತಂಡದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಡೆರೆಕ್ ಜೀಟರ್‌ನನ್ನು. 1993ರಲ್ಲಿ ಗ್ರೀನ್ಸ್‌ಬರೋದ ಮೈನರ್ ಲೀಗ್ (ಕೆಳಹಂತದ ಲೀಗ್) ತಂಡದಲ್ಲಿ 56 ಎರರ್. 2010ರಲ್ಲಿ ಬರೀ 6, ಮೇಲೆ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಬೇರೆ. ಹುಡುಗ ಕಲಿತ, ಪಳಗಿದ, ಅಷ್ಟೇ ಅಲ್ವಾ?

ಸುಮ್ನೆ ಇರಲಾರದೆ ಪಕ್ಕದ ಕಾಲಂನಲ್ಲಿ ಇನ್ನೊಬ್ಬ ಶಾರ್ಟ್‌ಸ್ಟಾಪ್ ಓಜಿ ಸ್ಮಿತ್‌ನ 1980ರ ಸೀಸನ್ ಹಾಕಿದೆ. ಆಗ ಅವನು ಸ್ಯಾನ್ ಡಿಯೇಗೋ ತಂಡದಲ್ಲಿದ್ದ. ಎರರ್ 24, ಜೀಟರ್‌ನ ನಾಲ್ಕು ಪಟ್ಟು! ಆದರೆ ಅಸಿಸ್ಟ್ (ಚೆಂಡು ಎಸೆದು ಇನ್ನೊಬ್ಬ ಔಟ್ ಮಾಡಲು ನೆರವಾದದ್ದು) 621. ಜೀಟರ್‌ದು 365. ಫೀಲ್ಡಿಂಗ್ ಪರ್ಸೆಂಟೇಜ್ ಲೆಕ್ಕ ಸುಲಭ: ಪುಟ್‌ಔಟ್ (ತಾನೇ ಔಟ್ ಮುಗಿಸಿದ್ದು) ಮತ್ತು ಅಸಿಸ್ಟ್ ಕೂಡಿಸಿ, ಆ ಮೊತ್ತಕ್ಕೆ ಎರರ್ ಸೇರಿಸಿದ ಸಂಖ್ಯೆಯಿಂದ ಭಾಗಿಸಿ. ಜೀಟರ್‌ಗೆ .989, ಓಜಿಗೆ .974. ಕಾಗದದ ಮೇಲೆ ಜೀಟರ್‌ನೇ ಮೇಲು. ಆದರೆ ಓಜಿ 909 ಔಟ್‌ಗಳಲ್ಲಿ ಕೈ ಹಾಕಿದ್ದ, ಜೀಟರ್ 547ರಲ್ಲಿ.

ಗುಟ್ಟು ನಿಯಮದಲ್ಲೇ ಇದೆ. ಸಾಮಾನ್ಯ ಪ್ರಯತ್ನಕ್ಕೆ ಔಟ್ ಆಗಬೇಕಿದ್ದದ್ದು ತಪ್ಪಿದರೆ ಎರರ್. ಚೆಂಡಿನ ಹತ್ತಿರಕ್ಕೇ ಹೋಗದಿದ್ದರೆ ಅದು ಬ್ಯಾಟರ್‌ನ ಹಿಟ್, ಫೀಲ್ಡರ್‌ಗೆ ಏನೂ ಅಂಟುವುದಿಲ್ಲ. ಹಾಗಾಗಿ ನನ್ನ ಶೀಟ್‌ನಲ್ಲಿ ಈಗ ಎರರ್‌ಗೂ ಮೊದಲು, ಒಂದು ಪಂದ್ಯಕ್ಕೆ ಎಷ್ಟು ಔಟ್‌ಗಳಲ್ಲಿ ಪಾಲು ಅನ್ನೋ ಕಾಲಂ ಬರುತ್ತದೆ. ಓಜಿಗೆ ಆ ವರ್ಷ 5.75. ಜೀಟರ್‌ಗೆ ನಾಲ್ಕೂ ಇಲ್ಲ. ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. 2010ರ ಹೊತ್ತಿಗೆ ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡನ್ನು ಮೈದಾನಕ್ಕೆ ಹೊಡೆಯದೇ ಔಟ್ ಆಗುವುದು) ಜಾಸ್ತಿಯಾಗಿತ್ತು, ಶಾರ್ಟ್‌ಸ್ಟಾಪ್ ಕಡೆ ಬರುವ ಚೆಂಡೇ ಕಮ್ಮಿ. ಆದರೂ ಇಷ್ಟು ದೊಡ್ಡ ಅಂತರ ಬರೀ ಅದರಿಂದ ಬಂದದ್ದಲ್ಲ ಅನ್ನುವುದು ನನ್ನ ಅಂದಾಜು.

ಈಗ ಮಾಡುತ್ತಿರುವುದು ಎರರ್‌ಗಳನ್ನು ಬಿಡಿಸುವ ಕೆಲಸ. ಹಳೆಯ ಪಂದ್ಯಗಳ ದಾಖಲೆ ಇಡುವ ರೆಟ್ರೋಶೀಟ್‌ನವರ ಫೈಲ್‌ಗಳು ಪುಕ್ಕಟೆ ಸಿಗುತ್ತವೆ. ಅದರಲ್ಲಿ ಶಾರ್ಟ್‌ಸ್ಟಾಪ್‌ನ ಎರರ್ 'ಇ6', ಎಸೆತದಲ್ಲಿ ತಪ್ಪಿದ್ದರೆ ಮುಂದೆ 'ಟಿಎಚ್' ಅಂತಿರುತ್ತದೆ. ಅದನ್ನು ಹಿಡಿದು ಗ್ಲವ್‌ನ ತಪ್ಪು ಒಂದು ಕಡೆ, ತೋಳಿನ ತಪ್ಪು ಇನ್ನೊಂದು ಕಡೆ ಹಾಕುತ್ತಿದ್ದೇನೆ. ತೋಳಿನ ಲೆಕ್ಕದಲ್ಲಿ ಎಸೆತ ಹಿಡಿಯುವ ಫಸ್ಟ್ ಬೇಸ್‌ಮನ್ ಯಾರಿದ್ದ ಅಂತಲೂ ನೋಡಬೇಕು. ನೆಲಕ್ಕೆ ಬಡಿದು ಬಂದ ಎಸೆತವನ್ನು ಅವನು ಬಾಚಿಕೊಂಡು ಔಟ್ ಮಾಡಿದರೆ, ಎಸೆದವನಿಗೆ ಎರರ್ ಇಲ್ಲ, ಅಸಿಸ್ಟ್ ಸಿಗುತ್ತದೆ.